ತುತ್ತು ಒಲ್ಲದ ಕೂಸು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ – ಎಲ್ಲಿ ವಿಚಾರಿಸಿದರೂ ತಾಯಂದಿರ ದೂರು ಒಂದೇ. ಹತ್ತು ತಿಂಗಳವರೆಗೆ ಬಟ್ಟಲು ರಾಗಿಸರಿಯನ್ನು ಚಪ್ಪರಿಸಿ ಮುಗಿಸುತ್ತಿದ್ದ ಕೂಸು, ಒಂದೂಕಾಲು ವರ್ಷವಾಗುತ್ತಲೇ ತುಟಿ ಬಿಗಿಯುತ್ತದೆ. ನಿನ್ನೆ ರುಚಿಸಿದ ಬೇಳೆಕಟ್ಟಿನ ಅನ್ನ ಇಂದು ಬೇಡ. ತಾಯಿ ಇದನ್ನು ಹಟವೆನ್ನುತ್ತಾಳೆ. ಅಜ್ಜಿ ದೃಷ್ಟಿಯೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ.

ಅಜ್ಜಿಯ ಗಾಬರಿಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಹಿಂದೆ ದೊಡ್ಡ ಚರಿತ್ರೆಯಿದೆ. ಸುಶ್ರುತಸಂಹಿತೆ ಆರನೆಯ ತಿಂಗಳಿನಲ್ಲಿ ಹಗುರವಾದ ಅನ್ನ ಉಣಿಸಲು ಹೇಳುತ್ತದೆ. ಅದೇ ಗ್ರಂಥ ಮಕ್ಕಳನ್ನು ಕಾಡುವ ಒಂಬತ್ತು ಬಾಲಗ್ರಹಗಳನ್ನು ಹೆಸರಿಸುತ್ತದೆ. ಎದೆಹಾಲನ್ನು ಒಲ್ಲದಿರುವುದು ಪ್ರಾಚೀನ ವೈದ್ಯರ ಕಣ್ಣಿಗೆ ಗ್ರಹಪೀಡೆಯ ಲಕ್ಷಣ. ಉಣ್ಣದ ಮಗು ಉಳಿಯುವುದಿಲ್ಲ ಎಂಬುದು ಅವರ ಅನುಭವವಾಗಿತ್ತು. ಅಷ್ಟು ಹಿಂದಕ್ಕೂ ಹೋಗಬೇಕಿಲ್ಲ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 129 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರ ವೇಳೆಗೆ ಆ ಸಂಖ್ಯೆ 28ಕ್ಕೆ ಇಳಿಯಿತು. ಇಂದಿನ ಅಜ್ಜಿ ಮೊದಲನೆಯ ಲೆಕ್ಕದ ಕಾಲದಲ್ಲಿ ಬೆಳೆದವಳು.

ಹಾಲು ಬಿಡಿಸುವ ವಯಸ್ಸು ಆಗ ಎಲ್ಲ ಕಡೆಯೂ ಗಂಡಾಂತರದ್ದೇ. ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ (ಇಂದಿನ ಘಾನಾ) ದುಡಿದ ವೈದ್ಯೆ ಸಿಸಿಲಿ ವಿಲಿಯಮ್ಸ್ 1930ರ ದಶಕದಲ್ಲಿ ‘ಕ್ವಾಷಿಯೋರ್ಕರ್’ ಎಂಬ ಸ್ಥಳೀಯ ಹೆಸರನ್ನೇ ವೈದ್ಯಶಾಸ್ತ್ರಕ್ಕೆ ತಂದರು. ತಮ್ಮನೋ ತಂಗಿಯೋ ಹುಟ್ಟಿದಾಗ ಎದೆಹಾಲು ತಪ್ಪಿದ ಮಗುವಿಗೆ ಬರುವ ಕಾಯಿಲೆ ಎಂಬ ಅರ್ಥ ಆ ಹೆಸರಿನಲ್ಲಿದೆ. ಮೈ ಬಾತು, ಕೂದಲು ಕೆಂಚಾಗಿ, ಹಸಿವೇ ಸತ್ತುಹೋಗುವ ಆ ಕಾಯಿಲೆಗೆ ಮೂಲ ಪೌಷ್ಟಿಕಾಂಶದ ಕೊರತೆ.

ನಮ್ಮ ಬಯಲುಸೀಮೆಯ ಹೆಂಗಸರು ಈ ಗಂಡಾಂತರಕ್ಕೆ ಕಂಡುಕೊಂಡ ಉತ್ತರ ರಾಗಿಸರಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟು ಅದು. ಮೊಳಕೆಯೊಡೆದಾಗ ಧಾನ್ಯದಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುತ್ತವೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಟ್ಟಿಯಾಗದು. ಪುಟ್ಟ ಹೊಟ್ಟೆಗೆ ಹೆಚ್ಚು ಸತ್ವ ಸೇರುತ್ತದೆ, ಕಬ್ಬಿಣದಂಶವೂ ಮೈಗೆ ಚೆನ್ನಾಗಿ ಹತ್ತುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಚೀಚೆ. ಪ್ರಯೋಗಾಲಯವಿಲ್ಲದೆ ಅಡುಗೆಮನೆಯಲ್ಲೇ ರೂಪುಗೊಂಡ ವಿದ್ಯೆಯಿದು.

ಆದರೆ ಅದನ್ನು ಉಣಿಸುತ್ತಿದ್ದ ಬಗೆಯಲ್ಲೇ ಮುಂದಿನ ಜಗಳದ ಬೀಜವಿತ್ತೆಂದು ತೋರುತ್ತದೆ. ಚಾಚಿದ ಕಾಲಿನ ಮೇಲೆ ಕೂಸನ್ನು ಮಲಗಿಸಿ ಒಳಲೆಯಲ್ಲಿ ಹುಯ್ಯುವುದು ವಾಡಿಕೆ. ಮಲಗಿದ ಕೂಸಿಗೆ ಬೇಡವೆನ್ನುವ ದಾರಿಯಿಲ್ಲ (ನೆತ್ತಿಗೆ ಹತ್ತುವ ಭಯವಂತೂ ಇದ್ದೇ ಇತ್ತು). ಅದೇ ಕೂಸು ಎದ್ದು ನಡೆಯತೊಡಗಿದಾಗ ತಟ್ಟೆ ತಳ್ಳಲು ಕೈ, ಓಡಲು ಕಾಲು, ‘ಬ್ಯಾಡ’ ಎನ್ನಲು ಮಾತು ಮೂರೂ ಒಟ್ಟಿಗೆ ಬರುತ್ತವೆ. ಹಸಿವೂ ಅದೇ ಹೊತ್ತಿಗೆ ತಗ್ಗುತ್ತದೆ. ಮೂರು ಕಿಲೋ ಇದ್ದ ಕೂಸು ವರ್ಷಕ್ಕೆ ಒಂಬತ್ತು ಕಿಲೋ ಆಗುವುದು ಸಹಜ. ಎರಡನೆಯ ವರ್ಷ ಸೇರುವುದು ಎರಡು, ಎರಡೂವರೆ ಕಿಲೋ ಅಷ್ಟೆ. ಬೆಳವಣಿಗೆ ನಿಧಾನವಾದಾಗ ಊಟ ಇಳಿಯಲೇಬೇಕಲ್ಲ.

ಮಗುವಿನ ಇಷ್ಟಕ್ಕೇ ಬಿಟ್ಟರೆ ಏನಾದೀತು? ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ 1926ರಿಂದ ಇದನ್ನೇ ಪರೀಕ್ಷಿಸಿದರು. ಹಾಲು ಬಿಟ್ಟ ಹದಿನೈದು ಮಕ್ಕಳ ಮುಂದೆ ಹಾಲು, ಹಣ್ಣು, ತರಕಾರಿ, ಧಾನ್ಯ, ಮಾಂಸ ಇರಿಸಲಾಯಿತು. ದಾದಿಯರು ಒತ್ತಾಯಿಸುವಂತಿರಲಿಲ್ಲ, ಆಸೆ ಹುಟ್ಟಿಸುವಂತೆಯೂ ಇರಲಿಲ್ಲ. ಒಂದು ಹೊತ್ತಿನ ಊಟ ವಿಚಿತ್ರವಾಗಿ ಕಂಡರೂ ಮಕ್ಕಳು ಚೆನ್ನಾಗಿ ಬೆಳೆದವು. ಆದರೆ ಆ ಪಟ್ಟಿಯಲ್ಲಿ ಸಕ್ಕರೆಯಾಗಲಿ ಡಬ್ಬಿಯ ತಿಂಡಿಯಾಗಲಿ ಇರಲಿಲ್ಲ. ಗುಟ್ಟು ಪಟ್ಟಿಯಲ್ಲೇ ಇದೆಯೆಂದು 1939ರಲ್ಲಿ ಡೇವಿಸ್ ಅವರೇ ಹೇಳಿದರು.

ನಮ್ಮಲ್ಲಿ ಪಟ್ಟಿಯೇ ಬದಲಾಯಿತು. ಎಮ್ಮೆಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ರೂಪಿಸಿದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ. ಅಮುಲ್ ಅದನ್ನು ಡಬ್ಬಿಯಲ್ಲಿ ತುಂಬಿ ಮಾರಿತು. ಹಾಲಿನ ಪುಡಿಯ ಜಾಹೀರಾತಿಗೆ 1992ರ ಕಾನೂನು ತಡೆ ಹಾಕಿತು; 2003ರ ತಿದ್ದುಪಡಿ ಎರಡು ವರ್ಷದವರೆಗಿನ ಶಿಶು ಆಹಾರಕ್ಕೂ ಅದನ್ನು ವಿಸ್ತರಿಸಿತು. ಅಂಗಡಿಯ ಬಿಸ್ಕತ್ತು ಮಾತ್ರ ಆ ಬೇಲಿಯ ಹೊರಗೇ ಉಳಿಯಿತು. ಊಟ ಬಿಟ್ಟ ಮಗುವಿಗೆ ಏನಾದರೂ ಹೊಟ್ಟೆಗೆ ಬೀಳಲೆಂದು ಕೊಡುವ ಎರಡು ಬಿಸ್ಕತ್ತು, ಲೋಟ ಹಾಲು ಮುಂದಿನ ಊಟದ ಹಸಿವನ್ನೂ ಕೊಲ್ಲುತ್ತವೆ. ದಿನಕ್ಕೆ ಮುಕ್ಕಾಲು ಲೀಟರ್ ಹಾಲು ಕುಡಿದು ಬೇರೇನನ್ನೂ ಮುಟ್ಟದ ಮಗುವಿಗೆ ರಕ್ತಹೀನತೆ ತಟ್ಟುವುದು ಹೀಗೆಯೇ.

ಬೇಡವೆಂದ ಸೊಪ್ಪಿನ ಸಾರನ್ನು ಒತ್ತಾಯವಿಲ್ಲದೆ, ಚೂರೇ ಚೂರು, ಎಂಟು–ಹತ್ತು ಬಾರಿ ಮುಂದಿಟ್ಟರೆ ಅನೇಕ ಮಕ್ಕಳು ಒಗ್ಗಿಕೊಳ್ಳುತ್ತವೆ. ದೊಡ್ಡವರ ಪಂಕ್ತಿಯಲ್ಲೇ ಕೂರಿಸಿ ಪುಟ್ಟ ಮುದ್ದೆಯನ್ನು ಕೈಗೆ ಕೊಟ್ಟರೆ ಅರ್ಧ ನೆಲಕ್ಕೆ, ಅರ್ಧ ಬಾಯಿಗೆ. ಹುರಿಹಿಟ್ಟಿಗೆ ಹಾಲು ಬೆಲ್ಲ ಕಲಸಿ ಉಂಡೆ ಕಟ್ಟುವ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ. ತೂಕ ಏರದೆ ನಿಂತರೆ, ಮಗು ಆಟ ಬಿಟ್ಟು ಮಂಕಾದರೆ, ವಾಂತಿ ಭೇದಿ ಬಿಡದಿದ್ದರೆ ವೈದ್ಯರಿಗೆ ತೋರಿಸಬೇಕು. ತಿಂಗಳ ತೂಕವನ್ನು ಅಂಗನವಾಡಿಯಲ್ಲಿ ನೋಡಿ ಬರೆದುಕೊಡುತ್ತಾರೆ. ತಟ್ಟೆಯಲ್ಲಿ ಉಳಿದ ಅನ್ನಕ್ಕಿಂತ ಆ ಚೀಟಿಯ ಗೆರೆ ಏರುತ್ತಿದೆಯೇ ಎಂದು ನೋಡುವುದು ವಾಸಿ.