ಬಿಳಿಸೆರಗು: ಒಂಟಿ ಸೂಕ್ಷ್ಮಾಣುವಿನ ಹುಡುಕಾಟದ ಚರಿತ್ರೆ

ಕನ್ನಡನಾಡಿನ ಹೆಂಗಸರು ಬಿಳಿಸೆರಗು, ಬಿಳಿಮುಟ್ಟು ಎಂದೆಲ್ಲ ಹೇಳಿಕೊಳ್ಳುವ ತೊಂದರೆಯಲ್ಲಿ ಹಲವು ಸ್ಥಿತಿಗಳು ಬೆರೆತಿವೆ. ಋತುಚಕ್ರದ ಜೊತೆಗೆ ಹೆಚ್ಚುಕಡಿಮೆಯಾಗುವ ಸಹಜ ಸ್ರಾವ ಅವುಗಳಲ್ಲೊಂದು. ಕ್ಯಾಂಡಿಡಾ ಎಂಬ ಶಿಲೀಂಧ್ರದಿಂದ ಬರುವ ತುರಿಕೆ ಇನ್ನೊಂದು. ಟ್ರೈಕೊಮೊನಾಸ್ ಎಂಬ ಏಕಕೋಶಜೀವಿಯ ಸೋಂಕು ಮತ್ತೊಂದು. ಅಸಹಜ ಸ್ರಾವದ ಕಾರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣಸಿಗುವುದು ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್, ಅಂದರೆ ಯೋನಿಯಲ್ಲಿ ಸಹಜವಾಗಿ ನೆಲೆಸಿರುವ ಬ್ಯಾಕ್ಟೀರಿಯಾಗಳ ಸಮುದಾಯವೇ ಬದಲಾಗಿ, ತೆಳುವಾದ, ಮೀನಿನ ವಾಸನೆಯ ಸ್ರಾವ ತೋರುವ ಸ್ಥಿತಿ. ವೈದ್ಯವಿಜ್ಞಾನವು ಇದಕ್ಕೊಂದು ಒಂಟಿ ಸೂಕ್ಷ್ಮಾಣುವನ್ನು ಹೊಣೆ ಮಾಡಲು ದಶಕಗಳ ಕಾಲ ಹೆಣಗಿತು. ಆ ಹೆಣಗಾಟದುದ್ದಕ್ಕೂ ಕೊಳಕಿನ ಆರೋಪವನ್ನು ಹೊತ್ತವರು ಹೆಂಗಸರು.

ಸ್ರಾವದ ರೋಗಗಳನ್ನು ವಿಂಗಡಿಸುವ ಯತ್ನ ಹಳೆಯದು. ಚರಕಸಂಹಿತೆಯ ಚಿಕಿತ್ಸಾಸ್ಥಾನವು 20 ಬಗೆಯ ಯೋನಿವ್ಯಾಪತ್ತುಗಳನ್ನು, ಎಂದರೆ ಸ್ತ್ರೀ ಜನನಾಂಗದ ವ್ಯಾಧಿಗಳನ್ನು, ದೋಷಾನುಸಾರವಾಗಿ ವಿವರಿಸುತ್ತದೆ; ತುರಿಕೆಯೂ ಲೋಳೆಯಂಥ ಸ್ರಾವವೂ ಕೂಡಿದ್ದನ್ನು ಅದು ಕಫದ ಬಾಬತ್ತಿಗೆ ಸೇರಿಸುತ್ತದೆ. ಸೂಕ್ಷ್ಮದರ್ಶಕದ ಅಧ್ಯಾಯ ತೆರೆದದ್ದು 1836ರಲ್ಲಿ, ಪ್ಯಾರಿಸ್ಸಿನ ಆಲ್ಫ್ರೆಡ್ ಡೊನೆ ಎಂಬ ವೈದ್ಯ ಯೋನಿಸ್ರಾವದಲ್ಲಿ ಚಲಿಸುವ ಟ್ರೈಕೊಮೊನಾಸ್ ಜೀವಿಯನ್ನು ಕಂಡಾಗ.

ಆದರೆ ನಿಜವಾದ ತಿರುವು 1892ರದು. ಲೈಪ್ಜಿಗ್ ನಗರದಲ್ಲಿದ್ದ ಆಲ್ಬರ್ಟ್ ಡೋಡರ್‌ಲೈನ್ ಬಾಣಂತಿಯರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಸೂತಿಕಾಜ್ವರದ ಮೂಲವನ್ನು ಹುಡುಕುತ್ತ ಗರ್ಭಿಣಿಯರ ಸ್ರಾವವನ್ನು ಪರೀಕ್ಷಿಸಿ, ಆರೋಗ್ಯವಂತರಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳು ಹೇರಳವಾಗಿರುವುದನ್ನೂ, ಅವು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸಿ ರೋಗಕಾರಕಗಳನ್ನು ತಡೆಯುವುದನ್ನೂ ತೋರಿಸಿದ. ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯಾಗಳ ಬಂಧುಗಳಾದ ಇವುಗಳಿಗೆ ಇಂದು ಲ್ಯಾಕ್ಟೊಬ್ಯಾಸಿಲಸ್ ಎಂದು ಹೆಸರು. ಈಸ್ಟ್ರೊಜೆನ್ ಹಾರ್ಮೋನಿನ ಪ್ರಭಾವದಿಂದ ಯೋನಿಯ ಒಳಪದರದಲ್ಲಿ ಶೇಖರವಾಗುವ ಗ್ಲೈಕೊಜೆನ್ ಎಂಬ ಪಿಷ್ಟವೇ ಇವುಗಳ ಆಹಾರದ ಮೂಲವಾಗಿದ್ದು, ಇವು ಹೊರಬಿಡುವ ಆಮ್ಲದಿಂದಾಗಿ ಅಲ್ಲಿನ ಪಿಎಚ್ ಸಾಮಾನ್ಯವಾಗಿ 4.5ನ್ನು ಮೀರುವುದಿಲ್ಲ. ತೊಳೆದು ತೆಗೆಯಬೇಕಾದ ಹೊಲಸೆಂದು ಭಾವಿಸಿದ್ದ ದ್ರವವೇ ದೇಹದ ಕಾವಲು ಎಂಬುದು ಈ ಶೋಧದ ತಾತ್ಪರ್ಯವಾಗಿತ್ತು.

ಇದು ಹೆಂಗಸರಿಗೆ ತಲುಪುವ ಮೊದಲೇ ಮಾರುಕಟ್ಟೆ ಅದಕ್ಕೆ ತದ್ವಿರುದ್ಧವಾದುದನ್ನು ತಲುಪಿಸಿತು. 20ನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಪತ್ರಿಕೆಗಳು ಲೈಸಾಲ್ ಎಂಬ ಕ್ರಿಮಿನಾಶಕದಿಂದ ಯೋನಿಯ ಒಳಭಾಗವನ್ನು ತೊಳೆದುಕೊಳ್ಳದ ಹೆಂಡತಿ ಗಂಡನ ಪ್ರೀತಿಯನ್ನು ಕಳೆದುಕೊಳ್ಳುತ್ತಾಳೆಂದು ಹೆದರಿಸುವ ಜಾಹೀರಾತುಗಳನ್ನು ಪ್ರಕಟಿಸಿದವು. ಸುಟ್ಟಗಾಯ, ವಿಷಬಾಧೆ ಮತ್ತು ಸಾವುಗಳು ವರದಿಯಾದವು. ಒಳಗೆ ನೀರು ಹಾಯಿಸಿ ತೊಳೆಯುವ ಅಭ್ಯಾಸವು ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್‌ನ ಜೊತೆಗೂಡಿ ಬರುವುದನ್ನು ಮುಂದಿನ ಅಧ್ಯಯನಗಳು ತೋರಿಸಿವೆ. ಶುಚಿತ್ವದ ಹೆಸರಿನಲ್ಲಿ ಮಾರಾಟವಾದ ಈ ಹಿಂಸೆಯನ್ನು ವೈದ್ಯಚರಿತ್ರೆ ಸಣ್ಣದೆಂದು ಬದಿಗಿಡುವಂತಿಲ್ಲ.

1955ರಲ್ಲಿ ಹ್ಯೂಸ್ಟನ್ನಿನ ಹರ್ಮನ್ ಗಾರ್ಡ್ನರ್ ಮತ್ತು ಚಾರ್ಲ್ಸ್ ಡ್ಯೂಕ್ಸ್, ಕಾರಣ ತಿಳಿಯದೆಂದು ಬಿಟ್ಟಿದ್ದ ಈ ಸ್ರಾವಕ್ಕೆ ಹೀಮೊಫಿಲಸ್ ವ್ಯಾಜಿನಾಲಿಸ್ ಎಂಬ ಒಂದೇ ಬ್ಯಾಕ್ಟೀರಿಯಾ ಕಾರಣವೆಂದು ಸಾರಿದರು. ಒಳಪದರದ ಕೋಶಗಳ ಮೇಲೆ ಬ್ಯಾಕ್ಟೀರಿಯಾಗಳು ಒತ್ತೊತ್ತಾಗಿ ಅಂಟಿಕೊಂಡು ಕೋಶದ ಅಂಚೇ ಮಸುಕಾಗಿ ಕಾಣುವುದನ್ನು ಅವರು ಗುರುತಿಸಿದರು. ‘ಸುಳಿವು ಕೋಶ’ ಎನಿಸಿಕೊಂಡ ಇದು ಇಂದಿಗೂ ರೋಗಪತ್ತೆಯ ಆಧಾರ. ತಮ್ಮ ವಾದವನ್ನು ಸಾಬೀತುಪಡಿಸಲು ಅವರು ಆರೋಗ್ಯವಂತ ಹೆಂಗಸರ ಯೋನಿಗೆ ಸೋಂಕನ್ನು ಸೇರಿಸಿದರೆಂಬುದು ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪದ ಸಂಗತಿ. ಶುದ್ಧವಾಗಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಪಡೆದ 13 ಮಂದಿಯಲ್ಲಿ ಒಬ್ಬರಿಗೆ ಮಾತ್ರ ರೋಗ ಬಂದಿತು; ರೋಗಿಗಳ ಸ್ರಾವವನ್ನೇ ಪಡೆದ 15 ಮಂದಿಯಲ್ಲಿ 11 ಮಂದಿಗೆ ಬಂದಿತು. ರೋಗ ತರುವುದು ಒಂದು ಜೀವಿಯಲ್ಲ, ಸ್ರಾವದಲ್ಲಿರುವ ಇಡೀ ಗುಂಪು ಎಂದು ಅವರ ಅಂಕಿಗಳೇ ಸೂಚಿಸುತ್ತಿದ್ದವು. ಆ ಬ್ಯಾಕ್ಟೀರಿಯಾಕ್ಕೆ 1980ರಲ್ಲಿ ಗಾರ್ಡ್ನರ್ ಅವರ ಹೆಸರಿನಿಂದಲೇ ಗಾರ್ಡ್ನೆರೆಲ್ಲಾ ಎಂದು ನಾಮಕರಣವಾಯಿತಾದರೂ, ರೋಗವಿಲ್ಲದ ಅನೇಕರಲ್ಲಿಯೂ ಅದು ಕಂಡುಬಂದದ್ದರಿಂದ ಒಂಟಿ ಆರೋಪಿಯ ವಾದ ಸಡಿಲವಾಗುತ್ತ ಹೋಯಿತು.

ಚಿಕಿತ್ಸೆ ಒದಗಿದ್ದು ಬೇರೆಯೇ ದಾರಿಯಿಂದ. ಇಂದು ನಮ್ಮಲ್ಲಿ ಭೇದಿಯ ಮಾತ್ರೆಯೆಂದು ಪರಿಚಿತವಾಗಿರುವ ಮೆಟ್ರೊನಿಡಜೋಲ್ ಮೊದಲು ಬಂದದ್ದು ಟ್ರೈಕೊಮೊನಾಸ್ ಸೋಂಕಿಗೆ. ಅದಕ್ಕಾಗಿ ಮಾತ್ರೆ ನುಂಗುತ್ತಿದ್ದ ರೋಗಿಯೊಬ್ಬಳ ವಸಡಿನ ಹುಣ್ಣೂ ವಾಸಿಯಾದುದನ್ನು ಶಿನ್ ಎಂಬ ಬ್ರಿಟಿಷ್ ದಂತವೈದ್ಯರು 1962ರಲ್ಲಿ ವರದಿ ಮಾಡಿದರು. ಆಮ್ಲಜನಕವಿಲ್ಲದೆಡೆ ಬೆಳೆಯುವ, ಅವಾಯುಜೀವಿಗಳೆನಿಸಿದ ಬ್ಯಾಕ್ಟೀರಿಯಾಗಳಿಗೂ ಈ ಔಷಧಿ ಮಾರಕವೆಂದು ಅಲ್ಲಿಂದ ಮುಂದೆ ತಿಳಿಯಿತು. 1978ರಲ್ಲಿ ಸಿಯಾಟಲ್ ನಗರದ ಸಂಶೋಧಕರು ಇದೇ ಔಷಧಿ ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್‌ನ ಸ್ರಾವವನ್ನೂ ಗುಣಪಡಿಸುತ್ತದೆಂದು ತೋರಿಸಿದರು. 1983ರಲ್ಲಿ ಆಮ್ಸೆಲ್ ಮತ್ತು ಸಂಗಡಿಗರು ತೆಳುವಾದ ಏಕರೂಪದ ಸ್ರಾವ, 4.5ಕ್ಕಿಂತ ಹೆಚ್ಚಿನ ಪಿಎಚ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಬಿದ್ದೊಡನೆ ಏಳುವ ಮೀನಿನ ವಾಸನೆ ಮತ್ತು ಸುಳಿವು ಕೋಶ ಎಂಬ ನಾಲ್ಕು ಲಕ್ಷಣಗಳಲ್ಲಿ ಮೂರಿದ್ದರೆ ರೋಗವಿದೆಯೆಂದು ನಿಗದಿಪಡಿಸಿದರು.

ಭಾರತದಲ್ಲಿ ಈ ಜ್ಞಾನ ಹಳ್ಳಿಯ ಹೆಂಗಸಿನವರೆಗೆ ಬಂದಿರಲಿಲ್ಲ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ 650 ಹೆಂಗಸರನ್ನು ಪರೀಕ್ಷಿಸಿ ರಾಣಿ ಬಂಗ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 92ರಷ್ಟು ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮೊದಲು ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇ. 8 ಮಾತ್ರ. ನಮ್ಮ ಮೈಸೂರಿನಲ್ಲಿಯೇ 2005ರ ಸುಮಾರಿನಲ್ಲಿ ಯುವತಿಯರ ನಡುವೆ ನಡೆದ ಅಧ್ಯಯನದಲ್ಲಿ ಸರಿಸುಮಾರು ಐವರಲ್ಲಿ ಒಬ್ಬರಿಗೆ ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್ ಇತ್ತು. ಸರ್ಕಾರಿ ಚಿಕಿತ್ಸಾಲಯಗಳು ಲಕ್ಷಣವನ್ನಷ್ಟೇ ನೋಡಿ ಔಷಧಿ ಕೊಡುವ ಪದ್ಧತಿಯಲ್ಲಿ ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್ ಇರುವ ಹಸಿರು ಕಿಟ್ಟನ್ನು ಕೊಡುತ್ತವೆ. ಪ್ರಯೋಗಾಲಯವಿಲ್ಲದ ಕಡೆ ಇದು ಉಪಕಾರಿಯೇ. ಆದರೆ ಸಹಜ ಸ್ರಾವಕ್ಕೂ ಔಷಧಿ ಬೀಳುತ್ತದೆ, ಲಕ್ಷಣವಿಲ್ಲದ ಸೋಂಕು ಕಣ್ತಪ್ಪುತ್ತದೆ. ಪಿಎಚ್ ಕಾಗದದ ಒಂದು ತುಂಡು ಮತ್ತು ದ್ರಾವಣದ ಒಂದು ಹನಿ ತೀರ ದುಬಾರಿಯವಲ್ಲ. ದುರ್ಲಭವಾಗಿರುವುದು ಹೆಂಗಸು ನಾಚದೆ ಪರೀಕ್ಷೆಗೆ ಒಡ್ಡಿಕೊಳ್ಳಬಹುದಾದ ಮರೆಯ ಕೋಣೆ ಮತ್ತು ಬಿಡುವಿರುವ ವೈದ್ಯೆ.

ಔಷಧಿ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವರ್ಷದೊಳಗೆ ರೋಗ ಮರುಕಳಿಸುತ್ತಿದ್ದುದು ಉಳಿದ ಒಗಟಾಗಿತ್ತು. ಬ್ಯಾಕ್ಟೀರಿಯಾಗಳು ಒಳಪದರದ ಮೇಲೆ ಜೈವಿಕ ಪೊರೆ ಕಟ್ಟಿಕೊಂಡು ಔಷಧಿಯಿಂದ ಪಾರಾಗುತ್ತವೆಂಬ ವಿವರಣೆ ಒಂದೆಡೆಯಿದ್ದರೆ, ಗಂಡಸಿನ ಶಿಶ್ನದ ಚರ್ಮದಲ್ಲಿಯೂ ಅವು ನೆಲೆಸಿ ಮರಳುತ್ತವೆಂಬ ಶಂಕೆ ಇನ್ನೊಂದೆಡೆಯಿತ್ತು. ಗಂಡಸರಿಗೆ ಬರಿಯ ಮಾತ್ರೆ ಕೊಟ್ಟ ಹಿಂದಿನ ಪ್ರಯೋಗಗಳು ಫಲ ಕಾಣದಿದ್ದುದರಿಂದ ಆ ಶಂಕೆಯನ್ನು ಬಹುಮಟ್ಟಿಗೆ ಕೈಬಿಡಲಾಗಿತ್ತು. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವು ಸೋಂಕಿತ ಹೆಂಗಸರ ಸಂಗಾತಿಗಳಿಗೆ ಏಳು ದಿನ ಮೆಟ್ರೊನಿಡಜೋಲ್ ಮಾತ್ರೆಯ ಜೊತೆಗೆ ಚರ್ಮಕ್ಕೆ ಹಚ್ಚಲು ಕ್ಲಿಂಡಮೈಸಿನ್ ಕ್ರೀಮನ್ನೂ ಕೊಟ್ಟಿತು. ಹೆಂಗಸರಿಗೆ ಮಾತ್ರ ಔಷಧಿ ಸಿಕ್ಕ ಗುಂಪಿನಲ್ಲಿ 12 ವಾರಗಳೊಳಗೆ ಶೇ. 63 ಮಂದಿಗೆ ರೋಗ ಮರುಕಳಿಸಿದರೆ, ಇಬ್ಬರಿಗೂ ಔಷಧಿ ಸಿಕ್ಕ ಗುಂಪಿನಲ್ಲಿ ಅದು ಶೇ. 35ಕ್ಕೆ ಇಳಿಯಿತು; ಹೆಂಗಸರಿಗೆ ಮಾತ್ರ ಚಿಕಿತ್ಸೆ ಕೊಡುವುದು ಸಾಲದೆಂಬುದು ಅಷ್ಟರಲ್ಲೇ ನಿಚ್ಚಳವಾದುದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು.