ಎಆರ್‌ಎಫ್-1 ಜೀನು

ಎಆರ್‌ಎಫ್-1: ಮಾನವನ ಒಂದನೆಯ ವರ್ಣತಂತುವಿನ ಉದ್ದ ತೋಳಿನಲ್ಲಿರುವ ಜೀನು. 181 ಅಮೈನೊ ಆಮ್ಲಗಳ, ಸುಮಾರು 21 ಕಿಲೋಡಾಲ್ಟನ್ ತೂಕದ ಪುಟ್ಟ ಪ್ರೋಟೀನು ಇದರಿಂದ ತಯಾರಾಗುತ್ತದೆ. ಜೀವಕೋಶದೊಳಗೆ ಸರಕು ಸಾಗಿಸುವ ಕಿರುಚೀಲಗಳು ಪೊರೆಯಿಂದ ಮೂಡಲು ಈ ಪ್ರೋಟೀನು ಬೇಕು.

ಇದರ ಚರಿತ್ರೆಯ ಬೇರು ಇರುವುದು ವಾಂತಿಭೇದಿಯಲ್ಲಿ, ಅಂದರೆ ಕಾಲರಾದಲ್ಲಿ. 1876–78ರ ಬರಗಾಲದಲ್ಲಿ, ಆದವಾನಿಯೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಗೆ ಹಸಿವಿನ ಬೆನ್ನಿಗೇ ಕಾಲರಾ ಬಂತು. ರೋಗಿಯ ಮೈಯ ನೀರು ಕೆಲವೇ ಗಂಟೆಗಳಲ್ಲಿ ಬಸಿದುಹೋಗುವುದೇಕೆಂದು ಆಗ ಯಾರಿಗೂ ತಿಳಿದಿರಲಿಲ್ಲ. 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ, ರೋಗಾಣುಗಳನ್ನು ಸೋಸಿ ತೆಗೆದ ದ್ರವವನ್ನು ಮೊಲದ ಕರುಳಿನ ಕಟ್ಟಿದ ತುಂಡಿಗೆ ಬಿಟ್ಟರು. ಕರುಳು ನೀರು ತುಂಬಿ ಉಬ್ಬಿತು. ಕೆಡುಕು ರೋಗಾಣು ಸ್ರವಿಸುವ ವಿಷದ್ದೆಂದು ಹೀಗೆ ಖಚಿತವಾಯಿತು. ಇಷ್ಟು ದೊಡ್ಡ ಶೋಧಕ್ಕೆ ಸಲ್ಲಬೇಕಾದ ಮನ್ನಣೆ ಡೇ ಅವರು ಬದುಕಿದ್ದಾಗ ಸಿಗಲಿಲ್ಲ.

ಆ ವಿಷದ ಕ್ರಿಯೆಗೆ ಕೋಶದ್ದೇ ಒಂದು ಪ್ರೋಟೀನು ಒತ್ತಾಸೆಯಾಗುತ್ತದೆಂದು 1984ರಲ್ಲಿ ಅಮೆರಿಕದ ರಿಚರ್ಡ್ ಕಾನ್ ಮತ್ತು ಆಲ್ಫ್ರೆಡ್ ಗಿಲ್ಮನ್ ತೋರಿಸಿದರು. ಆ ಪ್ರೋಟೀನೇ ಎಆರ್‌ಎಫ್. ಮಾನವನ ಎಆರ್‌ಎಫ್-1ರ ಡಿಎನ್‌ಎ ಸರಣಿ 1989ರಲ್ಲಿ ಪ್ರಕಟವಾಯಿತು. ಆದರೆ ಕಾಲರಾಕ್ಕೆ ನೆರವಾಗಲೆಂದು ಯಾವ ಕೋಶವೂ ಪ್ರೋಟೀನನ್ನು ಸಾಕಿಕೊಂಡಿರುವುದಿಲ್ಲ. ಅದರ ಸ್ವಂತ ಕಸುಬು ಬಯಲಾದದ್ದು ಆಮೇಲೆ: 1990ರಲ್ಲಿ ಅದನ್ನು ಕೋಶದ ಸರಕು ವಿಂಗಡಿಸಿ ರವಾನಿಸುವ ಅಂಗವಾದ ಗಾಲ್ಗಿಯಲ್ಲಿ ಕಂಡರು, ಮರುವರ್ಷ ಜೇಮ್ಸ್ ರಾಥ್‌ಮನ್ ಮತ್ತು ಸಂಗಡಿಗರು ಗಾಲ್ಗಿಯ ಕಿರುಚೀಲಗಳ ಹೊದಿಕೆಯಲ್ಲೇ ಅದು ಇದೆಯೆಂದು ಸಾಧಿಸಿದರು. ಜಿಟಿಪಿ ಎಂಬ ಕಿರು ಅಣುವನ್ನು ಹಿಡಿದಾಗ ಈ ಪ್ರೋಟೀನು ಪೊರೆಗೆ ನಾಟಿಕೊಂಡು ಹೊದಿಕೆಯ ಪ್ರೋಟೀನುಗಳನ್ನು ಕರೆದುಕೊಳ್ಳುತ್ತದೆ. ಜಿಟಿಪಿ ಒಡೆದು ಜಿಡಿಪಿಯಾದಾಗ ಪೊರೆ ಬಿಟ್ಟು ಕೋಶರಸಕ್ಕೆ ಮರಳುತ್ತದೆ.

ಗಾಲ್ಗಿಯಾಚೆಗೂ ಇದಕ್ಕೆ ಕೆಲಸವುಂಟೆಂಬ ಮುಖ್ಯ ಸಂಗತಿ ಬೆಂಗಳೂರಿನಲ್ಲಿ ತಿಳಿಯಿತು. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಸತ್ಯಜಿತ್ ಮೇಯರ್ ಅವರ ತಂಡ, ಕೋಶವು ಹೊರಗಿನ ದ್ರವವನ್ನು ಒಳಗೆಳೆದುಕೊಳ್ಳುವ ಬೇರೊಂದು ದಾರಿಯನ್ನು 2002ರಲ್ಲಿ ವಿವರಿಸಿತ್ತು. ಆ ದಾರಿಗೂ ಎಆರ್‌ಎಫ್-1 ಬೇಕೆಂದು 2008ರಲ್ಲಿ ಸುಧಾ ಕುಮಾರಿ ಮತ್ತು ಮೇಯರ್ ತೋರಿಸಿದರು. ಅದರ ಕೆಲಸಕ್ಕೆ ತಡೆಯೊಡ್ಡಿದಾಗ ದ್ರವ ಒಳಬರುವುದು ತಗ್ಗಿತು. ಆದರೆ ಕಬ್ಬಿಣ ಹೊತ್ತು ಬೇರೆ ದಾರಿಯಿಂದ ಬರುವ ಟ್ರಾನ್ಸ್‌ಫೆರಿನ್ ಎಂದಿನಂತೆ ಒಳಬಂತು. ಈ ಹೋಲಿಕೆಯೇ ಆ ಪ್ರಯೋಗದ ಬಲ.

ಜೀನಿನ ಅಪರೂಪದ ಮಾರ್ಪಾಡುಗಳಿಗೂ ಮಿದುಳಿನ ಒಂದು ಹುಟ್ಟು ದೋಷಕ್ಕೂ ನಂಟಿರುವುದು 2016ರಲ್ಲಿ ವರದಿಯಾಯಿತು. ಈ ದೋಷವಿರುವ ಮಕ್ಕಳಲ್ಲಿ ಕೆಲವು ನರಕೋಶಗಳು ಮಿದುಳಿನ ಹೊರಪದರ ಸೇರದೆ, ಒಳಕುಹರಗಳ ಅಂಚಿನಲ್ಲೇ ಗಂಟುಗಟ್ಟಿ ಉಳಿಯುತ್ತವೆ.