ಕೋಳಿ ಕಾಲು ಯಾರ ತಟ್ಟೆಗೆ?

ಅಮೆರಿಕದಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಪ್ರತಿ ವರ್ಷ ನವೆಂಬರಿನ ನಾಲ್ಕನೇ ಗುರುವಾರ ಒಂದು ಫೋಟೋ ಕಳಿಸ್ತಾನೆ. ಮೇಜಿನ ನಡುವೆ ಇಡೀ ಟರ್ಕಿ ಕೋಳಿ, ಸುತ್ತ ನೆಂಟರು, ಇವನ ಕೈಯಲ್ಲಿ ಉದ್ದನೆಯ ಚಾಕು. ಮನೆ ಯಜಮಾನ ನೆಂಟರ ಕಣ್ಣೆದುರೇ ಹಕ್ಕಿ ಕೊಯ್ದು ಬಡಿಸುವುದು ಅಲ್ಲಿನ ಮರ್ಯಾದೆ. ಒಲೆಯಿಂದ ತೆಗೆದ ಕೂಡಲೇ ಚಾಕು ಹಾಕಬಾರದಂತೆ, ರಸವೆಲ್ಲ ಹರಿದುಹೋಗುತ್ತಂತೆ. ಅರ್ಧ ಗಂಟೆ ಬಿಟ್ಟು ಮೊದಲು ಕಾಲು ಬಿಡಿಸಬೇಕು, ಆಮೇಲೆ ಎದೆಯ ಮಾಂಸ ತೆಳ್ಳಗೆ ಸೀಳಬೇಕು. ಫೋನಿನಲ್ಲಿ ಇದನ್ನೆಲ್ಲ ಅವನು ವಿವರಿಸುತ್ತಿದ್ದರೆ ಪಕ್ಕದಲ್ಲಿ ಕೂತಿದ್ದ ಅವ್ವ ಕೇಳಿದಳು: "ನೆಂಟರ ಮುಂದೇನೇ ಚಾಕು ಹಿಡೀತಾನಾ?"

ಅವಳ ಪ್ರಶ್ನೆಯಲ್ಲಿ ಸಣ್ಣದೊಂದು ಇತಿಹಾಸ ಇದೆ ಅನ್ನಿಸಿತು. ನಮ್ಮ ಹಿರಿಯೂರು, ಹೊಸದುರ್ಗದ ಕಡೆ ಕತ್ತಿಯ ಕೆಲಸ ಹಿತ್ತಲಿನದು. ಪುಕ್ಕ ತರಿದು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ತೊಳೆದು, ತುಂಡು ಮಾಡಿದ ಮೇಲೆಯೇ ಕೋಳಿ ಅಡುಗೆಮನೆಗೆ ಬರುವುದು. ನೆಂಟರಿಗೆ ಕಾಣುವುದು ಸಾರು. ಒಂದೂವರೆ ಕೆಜಿ ನಾಟಿಕೋಳಿ, ಉಣ್ಣುವವರು ಹನ್ನೆರಡು ಜನ, ಮಧ್ಯೆ ರಾಗಿಮುದ್ದೆ. ಸುಟ್ಟ ಮಾಂಸ ಮುದ್ದೆಯನ್ನು ಗಂಟಲಿಗಿಳಿಸಲ್ಲ, ಅದಕ್ಕೆ ಎಸರು ಬೇಕು. ಹಕ್ಕಿ ಚಿಕ್ಕದಾದಷ್ಟೂ ಎಸರು ದೊಡ್ಡದು. ಬಯಲುಸೀಮೆಯ ಬಡತನ ಕಂಡುಹಿಡಿದ ಲೆಕ್ಕ ಇದು, ರುಚಿ ಆಮೇಲೆ ಬಂತು ಅಂತ ನನ್ನ ಅನುಮಾನ.

ಹಾಗಂತ ಇಡಿಯಾಗಿ ಸುಡುವುದು ಕನ್ನಡ ನಾಡಿಗೆ ಗೊತ್ತಿರಲಿಲ್ಲ ಅಂತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಹಂದಿಯ ಕೂದಲು ತೆಗೆದು ಸುಡುವ ಕ್ರಮವಿದೆ, ಕಂಬಿಗೆ ಚುಚ್ಚಿ ಸುಡುವ ಮಾಂಸವಿದೆ. ಅದು ಅರಮನೆಯ ಮಾತು. ಟರ್ಕಿ ಮಾತ್ರ ಆ ಅರಮನೆಗೂ ಗೊತ್ತಿರಲು ಸಾಧ್ಯವಿಲ್ಲ, ಅದು ಅಮೆರಿಕ ಖಂಡದ ಹಕ್ಕಿ. 1612ರಲ್ಲಿ ಗೋವಾದಿಂದ ಮೊಘಲ್ ದರ್ಬಾರಿಗೆ ಒಂದು ಬಂದಾಗ ಜಹಾಂಗೀರ್ ಬೆರಗಾಗಿ ಚಿತ್ರ ಬರೆಸಿದ. ತಮಾಷೆ ನೋಡಿ, ಇಂಗ್ಲಿಷಿನವರು ಅದನ್ನು ಟರ್ಕಿ ದೇಶದ್ದು ಅಂದರು, ಟರ್ಕಿಯವರು 'ಹಿಂದಿ' ಅಂದರು, ಅಂದರೆ ನಮ್ಮದು ಅಂತ. ಡಚ್ಚರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಮ್ಮ ಪಕ್ಕದ ಕಲ್ಲಿಕೋಟೆಯ ಹೆಸರಲ್ಲೇ 'ಕಾಲ್ಕೂನ್' ಅಂದುಬಿಟ್ಟರು. ಯಾರಿಗೂ ಬೇಡದ ಮಗುವಿನ ಥರ ಪ್ರತಿಯೊಬ್ಬರೂ ಪಕ್ಕದ ಮನೆಯದು ಅಂತ ತೋರಿಸಿದ್ದಾರೆ.

ಇರ್ಲಿ. ಹಬ್ಬದಲ್ಲಿ ಮಾಂಸ ಎಷ್ಟು ಅನ್ನುವುದಕ್ಕೆ ನಮ್ಮಲ್ಲಿ ದೊಡ್ಡ ಲೆಕ್ಕವೇ ಉಂಟು. ಸುಮಾರು 1520ರಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಯಸ್, ಮಹಾನವಮಿಯ ಕೊನೆಯ ದಿನ 250 ಕೋಣ, 4,500 ಕುರಿ ಕಡಿದರು ಅಂತ ಬರೆದಿದ್ದಾನೆ. ಚಿತ್ರದುರ್ಗದ ನಾಯಕರು ಆ ಸಾಮ್ರಾಜ್ಯದ ನೆರಳಲ್ಲೇ ಬೆಳೆದವರು. ಆದರೆ ಕಡಿದಿದ್ದನ್ನು ಯಾರು, ಹೇಗೆ ಹಂಚಿಕೊಂಡರು ಅಂತ ಪಯಸ್ ಹೇಳಲ್ಲ. ನನಗೆ ಬೇಕಿದ್ದದ್ದು ಅದೇ.

ಹಂಚುವುದರಲ್ಲಿ ಏನೇನಿದೆ ಅಂತ ನನಗೆ ಮೊದಲು ಗೊತ್ತಾಗಿದ್ದು ಏಳನೇ ಕ್ಲಾಸಿನಲ್ಲಿ. ಅಪ್ಪನಿಗೆ ದನದ ಜಾತ್ರೆಯಲ್ಲಿ ಸ್ನೇಹಿತರಾದ, ಚಳ್ಳಕೆರೆ ಕಡೆಯ ಹಟ್ಟಿಯೊಬ್ಬರು ಮನೆಗೆ ಬಂದಿದ್ದರು. ಅವ್ವ ಮೊಟ್ಟೆ ಇಡುತ್ತಿದ್ದ ಹ್ಯಾಟೆಯನ್ನೇ ಕೊಯ್ಯಿಸಿದಳು. ಊಟಕ್ಕೆ ಕೂತವರು ಸಾರಿನ ವಾಸನೆಗೇ ಎದ್ದು ನಿಂತರು. "ತಪ್ಪು ತಿಳೀಬ್ಯಾಡ ತಾಯಿ, ಕೋಳಿ ನಮಗಾಗಲ್ಲ." ಅದೇ ಒಲೆಯ ಮೇಲೆ ಬೆಂದ ಮುದ್ದೆಯೂ ಆಗಲಿಲ್ಲ. ಜಗುಲಿಯಲ್ಲಿ ಕೂತು ಎರಡು ಬಾಳೆಹಣ್ಣು ತಿಂದು, ಹಾಲು ಕುಡಿದು ಹೋದರು. ಅವ್ವ ಅವತ್ತು ಉಣ್ಣಲಿಲ್ಲ. ಅವಮಾನ ಆಗಿದ್ದು ತನಗೋ ಅವರಿಗೋ ಅಂತ ಬಹಳ ದಿನ ಅವಳಿಗೆ ತಿಳಿಯಲಿಲ್ಲ.

ಅವರು ಮ್ಯಾಸಬೇಡರು. ಬೇಡರಲ್ಲಿ ಊರಬೇಡರು, ಮ್ಯಾಸಬೇಡರು ಅಂತ ಎರಡು ಕವಲು. ಕೋಳಿ, ಹಂದಿ ಎರಡೂ ಮ್ಯಾಸರಿಗೆ ನಿಷಿದ್ಧ ಅನ್ನುವುದನ್ನು 1909ರಲ್ಲಿ ಅಚ್ಚಾದ ಥರ್ಸ್ಟನ್ನನ ಸಂಪುಟಗಳೂ ದಾಖಲಿಸಿವೆ. ಹಂದಿ ತಿನ್ನಲ್ಲ ಅಂದ ಕೂಡಲೇ ಹೈದರಾಲಿಯ ಕತೆ ಜೋಡಿಸುವುದು ಸುಲಭ. 1779ರಲ್ಲಿ ಹೈದರ್ ದುರ್ಗ ಹಿಡಿದು, 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಹುಡುಗರನ್ನು ಮತಾಂತರಿಸಿ ಚೇಲಾ ಪಡೆ ಕಟ್ಟಿದ್ದನ್ನು ರೈಸ್ ಬರೆದಿದ್ದಾನೆ. ಆದರೆ ಈ ಲೆಕ್ಕಕ್ಕೆ ಕೋಳಿ ಹೊಂದಲ್ಲ. ಮುಸಲ್ಮಾನರು ಕೋಳಿ ತಿಂತಾರಲ್ಲ! ನನಗನ್ನಿಸುವುದು ಬೇರೆ. ದೇವರ ಎತ್ತುಗಳನ್ನು ಸಾಕುತ್ತ, ಮೇವು ಹುಡುಕಿ ನಡೆದ ಜನ ಅವರು. ದನ ನಡೆಯುತ್ತೆ, ಕುರಿ ನಡೆಯುತ್ತೆ, ಕೋಳಿ ಮಂದೆಯ ಹಿಂದೆ ನಡೆಯಲ್ಲ. ಅದು ತಿಪ್ಪೆಯ ಹಕ್ಕಿ, ಊರಿನ ಹಕ್ಕಿ. ಕೋಳಿ ಬೇಡ ಅಂದರೆ ಊರು ಬೇಡ ಅಂದ ಹಾಗೆ. ಹಟ್ಟಿಗೂ ಊರಿಗೂ ನಡುವಿನ ಗಡಿಕಲ್ಲನ್ನು ಅವರು ನೆಲದಲ್ಲಿ ನೆಡದೆ ತಟ್ಟೆಯಲ್ಲಿ ನೆಟ್ಟರು. ಇದು ನನ್ನ ಊಹೆ, ಬಲ್ಲವರು ತಿದ್ದಬಹುದು.

ಇನ್ನು ಯುಗಾದಿ ಮಾರನೇ ದಿನದ ವರ್ಷತೊಡಕು. ನಮ್ಮೂರಲ್ಲಿ ಅವತ್ತು ಗುಡ್ಡೆಬಾಡು. ಹತ್ತಿಪ್ಪತ್ತು ಮನೆಯವರು ದುಡ್ಡು ಹಾಕಿ ಟಗರು ತರ್ತಾರೆ. ಬೆಳಗಿನ ಜಾವ ಹುಣಸೆ ಕೊರಡಿನ ಮೇಲೆ ಹಸಿಗೆ ಶುರು. ಮುತ್ತುಗದ ಎಲೆ ಸಾಲಾಗಿ ಹಾಸಿ, ಮನೆಗೊಂದು ಗುಡ್ಡೆ. ಪ್ರತಿ ಗುಡ್ಡೆಗೂ ತೊಡೆಯಿಂದ ಒಂದಿಷ್ಟು, ಪಕ್ಕೆಯಿಂದ ಒಂದಿಷ್ಟು, ಬೋಟಿ, ಈಲಿ, ಮೂಳೆ ಎಲ್ಲ ಬೀಳಲೇಬೇಕು. ಈಲಿಯನ್ನು ಹೆಬ್ಬೆರಳಷ್ಟು ಚೂರು ಮಾಡಿಯಾದರೂ ಎಲ್ಲ ಎಲೆಗೂ ಮುಟ್ಟಿಸ್ತಿದ್ದರು. ಆಮೇಲೆ ಒಬ್ಬ ಸಾಲಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಇನ್ನೊಬ್ಬ ಒಂದು ಗುಡ್ಡೆಯ ಮೇಲೆ ಕಡ್ಡಿ ಇಟ್ಟು "ಇದು ಯಾರ್ದು?" ಅಂದರೆ, ತಿರುಗಿ ನೋಡದೆ ಒಂದು ಹೆಸರು ಕೂಗುತ್ತಿದ್ದ. ಪಟೇಲರ ಮನೆ ಗುಡ್ಡೆಯೂ ಕೂಲಿಯವನ ಗುಡ್ಡೆಯೂ ಹಾಗೇ ತೀರ್ಮಾನ. ತಕ್ಕಡಿಯೇ ಇಲ್ಲದ ಆ ನ್ಯಾಯವನ್ನು ನಾನು ತುಂಬಾ ದಿನ ಹೊಗಳಿಕೊಂಡು ತಿರುಗಿದ್ದೇನೆ.

ಆದರೆ ಸಾಲಿಗೆ ಒಂದು ತುದಿ ಇತ್ತು. ಹಿಂದಿನ ರಾತ್ರಿ ಊರೆಲ್ಲ ಸುತ್ತಿ ಹಲಗೆ ಬಡಿದವರ ಪಾಲು ಆ ಸಾಲಿನಲ್ಲಿ ಇರುತ್ತಿರಲಿಲ್ಲ. ಅವರದು ಬೇರೆ ಎಲೆ, ಬೇವಿನ ಮರದ ಆಚೆ. ಅದರಲ್ಲಿ ಏನು ಬೀಳಬೇಕು ಅನ್ನುವುದು ಕೊರಡಿನವನ ಮರ್ಜಿ. ಆ ಎಲೆಗೆ ಬೆನ್ನು ಹಾಕಿ ನಿಂತು ಯಾರೂ ಹೆಸರು ಕೂಗಲಿಲ್ಲ. ಬೇವಿನ ಮರದ ಆಚೆಯ ಹುಡುಗನೊಬ್ಬ ನನ್ನ ಕ್ಲಾಸಿನವನೇ, ನನ್ನ ಪಕ್ಕದ ಬೆಂಚು. ಆ ದಿನ ಮಾತ್ರ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಈಗ ಆ ಕೇರಿಯವರು ತಾವೇ ದುಡ್ಡು ಹಾಕಿ ತಮ್ಮದೇ ಟಗರು ತರ್ತಾರೆ. ಹಲಗೆಗೆ ಊರಿನವರು ದುಡ್ಡು ಕೊಟ್ಟು ಕರೆಸಬೇಕು.

ಎಲೆಯ ಮೇಲೆ ಸಮ ಬಿದ್ದ ಗುಡ್ಡೆ ಮನೆಯೊಳಗೆ ಬಂದ ಮೇಲೂ ಸಮ ಉಳಿಯುತ್ತಿರಲಿಲ್ಲ. ಅಲ್ಲಿ ಸೌಟು ಹಿಡಿದವಳದೇ ಕಾರುಬಾರು ಅಂತ ಗಂಡಸರು ತಮಾಷೆ ಮಾಡ್ತಾರೆ. ಆ ಕಾರುಬಾರು ಏನಂತ ನಾನು ಕಂಡಿದ್ದೇನೆ. ಕೋಳಿ ಮಾಡಿದ ದಿನ ಕಾಲು ಅಳಿಯನಿಗೆ, ಇನ್ನೊಂದು ಕಾಲು ಚಿಕ್ಕ ಮಗುವಿಗೆ, ಕಂದನಕಾಯಿ ಅಪ್ಪನಿಗೆ, ಎದೆ ನೆಂಟರಿಗೆ. ಕೊನೆಗೆ ಕೂರುವ ಅವ್ವನಿಗೆ ಕತ್ತು, ಬೆನ್ನಿನ ಮೂಳೆ, ತಳದ ಎಸರು. ಕೇಳಿದರೆ "ನಂಗೆ ಅದೇ ಇಷ್ಟ" ಅಂತಿದ್ದಳು. ನಾವು ನಂಬಿದ್ದೆವು.

ಹೋದ ವರ್ಷ ಆ ಚಿಕ್ಕಪ್ಪನ ಮಗ ಊರಿಗೆ ಬಂದಿದ್ದ. ನಾಟಿಕೋಳಿ ಸಾರು ಇಳಿಸಿದ್ದೇ ತಡ, "ದೊಡ್ಡವ್ವ, ಇವತ್ತು ನೀನು ಕೂತ್ಕೋ, ನಾನು ಬಡಿಸ್ತೀನಿ" ಅಂತ ಸೌಟು ಕಿತ್ತುಕೊಂಡ. ಮೊದಲ ತಟ್ಟೆ ಅವಳಿಗೆ, ಅದರಲ್ಲಿ ಒಂದು ಇಡೀ ಕಾಲು. ಅವ್ವ ಅದನ್ನು ಒಂದು ಗಳಿಗೆ ನೋಡಿ, ತಟ್ಟೆಯ ಅಂಚಿಗೆ ಸರಿಸಿ, ಪಾತ್ರೆಯೊಳಗೆ ಬಗ್ಗಿದಳು. "ಕತ್ತು ಯಾರಿಗೆ ಹಾಕ್ದೆ?" ಅಂದಳು.